ಪುಸ್ತಕದಲ್ಲಿ ಬರೆಯದ ಬ್ರೇಕು

ವುನಿಉತೋ, ಸಿಂಗಟೋಕಾ ಕಣಿವೆ
ಮಾರ್ಚ್ 3

ಪ್ರೀತಿಯ ಕೆಲೆರಾ,

ನೀನು ಸುವಾಕ್ಕೆ ಹೋಗಿ ಹನ್ನೊಂದು ದಿನಗಳಾದವು. ನಿನ್ನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತೀಯೆಂದು ಗೊತ್ತು. ಅವಳು ಮಾತು ಮುಗಿಸಿ ಫೋನನ್ನು ನನ್ನತ್ತ ಚಾಚುತ್ತಾಳೆ. ಅದು ನನ್ನ ಕಿವಿಗೆ ಬರುವಷ್ಟರಲ್ಲಿ ಆ ಕಡೆ ಯಾರೂ ಇರುವುದಿಲ್ಲ. ಅದಕ್ಕೇ ಈ ಕಾಗದ. ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದ ಕೈಯ ಅಕ್ಷರ. ನಮ್ಮ ಕಣಿವೆಯ ರಸ್ತೆಯಂತೆಯೇ ಇರುತ್ತದೆ, ನಿಧಾನವಾಗಿ ಓದು.

ನದಿ ಇಳಿದಿದೆ. ಟೊಮೇಟೊ ಸಸಿಗಳನ್ನು ಎರಡನೆಯ ಸಲ ನೆಟ್ಟಿದ್ದೇವೆ. ಏಳು ಗಂಟೆಯ ಬಸ್ಸಿಗೆ ಬಾ ಪಟ್ಟಣದ ಕಡೆಯಿಂದ ಹೊಸ ಡ್ರೈವರ್ ಬಂದಿದ್ದಾನೆ. ಮಾರ್ಕೆಟ್ಟಿಗೆ ಹೋಗುವ ಹೆಂಗಸರು ಚೀಲ ಏರಿಸುವ ಮೊದಲೇ ಹಾರ್ನ್ ಬಾರಿಸುತ್ತಾನೆ. ನೀನು ಆ ಬಸ್ಸು ಓಡಿಸುತ್ತಿದ್ದಾಗ ಇಳಿದು ಚೀಲ ಏರಿಸಲು ಕೈ ಹಾಕುತ್ತಿದ್ದೆಯೆಂದು ಅವರು ನೆನೆಸಿಕೊಳ್ಳುತ್ತಾರೆ. ನೀನಿದ್ದಾಗ ಅವರು ಹೀಗೆ ಹೇಳಿದ್ದು ನನಗೆ ನೆನಪಿಲ್ಲ.

ಫೆಬ್ರವರಿ ಹನ್ನೆರಡರ ಬೆಳಗಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ನೀನು ಬಸ್ಸನ್ನು ನದಿಗೆ ಬಿಡದೆ ಎಡಕ್ಕೆ, ಕಬ್ಬಿನ ಗದ್ದೆಗೆ ನುಗ್ಗಿಸಿದೆ. ಇಪ್ಪತ್ತಾರು ಜನರಲ್ಲಿ ಮಾರ್ಕೆಟ್ಟಿನ ಸುಖ್‌ರಾಜಿ ಅಜ್ಜಿಯ ಕಾಲು ಮಾತ್ರ ಮುರಿಯಿತು. ಕಂಪನಿ ನಿನ್ನನ್ನು ಕೆಲಸದಿಂದ ತೆಗೆಯಿತು, ಸಾರಿಗೆ ಕಚೇರಿ ಲೈಸೆನ್ಸ್ ತಡೆಹಿಡಿಯಿತು. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ನಿನ್ನ ಅತ್ತೆಯ ಮಗ ಸಾಕಿಯುಸಾ ತನ್ನ ಕಡೆಯ ಹಿರಿಯರೊಂದಿಗೆ ಕ್ಷಮೆ ಕೇಳುವ ತಿಮಿಂಗಿಲದ ಹಲ್ಲು ಹಿಡಿದು ನಮ್ಮ ಬಾಗಿಲಿಗೆ ಬಂದ, ತಪ್ಪೊಪ್ಪಿಕೊಂಡ, ನಾನು ಹಲ್ಲನ್ನು ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಯಾರೂ ಆ ಮಾತನ್ನು ಮತ್ತೆ ಎತ್ತುವಂತಿಲ್ಲ. ವಿಷಯ ಮುಗಿಯಿತು. ನಮ್ಮಲ್ಲಿ ಇದು ಹೀಗೆಯೇ ಎಂದು ನಾನು ನಿನಗೆ ಹೇಳಿಕೊಡಬೇಕಿಲ್ಲ.

ಒಂದು ಬುಟ್ಟಿ ಮರಗೆಣಸನ್ನೂ ಈ ಕಾಗದವನ್ನೂ ಬೆಳಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ಅಂಚೆಗಿಂತ ಬೇಗ ತಲುಪುತ್ತದೆ.

ನಿನ್ನ ತಂದೆ,
ನೆಮಾನಿ

*

ನಸಿನು, ಸುವಾ
ಮಾರ್ಚ್ 21

ಅಪ್ಪ,

ಮರಗೆಣಸು ತಲುಪಿತು. ಕಾಗದವೂ ತಲುಪಿತು. ಅದನ್ನು ಯಾರ ಕೈಗೆ ಕೊಟ್ಟಿರಿ ಎಂಬುದು ನಿಮಗೆ ನೆನಪಿದೆಯೇ?

ಸುವಾ ಬಸ್‌ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ಸಿನ ಬಾಗಿಲು ತೆರೆಯಿತು. ಸ್ಟೀರಿಂಗ್ ಹಿಂದೆ ಸಾಕಿಯುಸಾ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ. ಅವನಿಗೆ ಎಕ್ಸ್‌ಪ್ರೆಸ್ ಕೊಟ್ಟಿದ್ದಾರೆಂದು ನನಗೆ ಯಾರೂ ಹೇಳಿರಲಿಲ್ಲ.

"ಏನಮ್ಮಾ ಮಾವನ ಮಗಳೇ, ಪೇಟೆಯೋಳಾಗ್ಬಿಟ್ಟೆ! ತಗೋ, ಮಾವ ಕಳ್ಸಿದಾರೆ. ದಾರೀಲಿ ಎಲ್ಲೂ ಬ್ರೇಕ್ ಹಾಕ್ದೆ ತಂದಿದೀನಿ."

ಅತ್ತೆಯ ಮಗ ಮಾವನ ಮಗಳನ್ನು ಹೀಗೆಯೇ ಕೆಣಕಬೇಕು, ಚಿಕ್ಕಂದಿನಿಂದ ಕೆಣಕಿದ್ದಾನೆ, ನಾನೂ ತಿರುಗಿ ಕೊಟ್ಟಿದ್ದೇನೆ. ಮಾತು ಆಡಿದ ಮೇಲೆ ಅವನಿಗೇ ಕೇಳಿಸಿತು. ಕನ್ನಡಕ ತೆಗೆದು ಒರೆಸತೊಡಗಿದ. ನಾನು ಬುಟ್ಟಿ ಎತ್ತಿಕೊಂಡು ಬಂದೆ.

ನೀವು ಬೇಕೆಂದು ಮಾಡಿದ್ದಲ್ಲ. ನನಗೆ ನೋವಾದದ್ದು ಅದಕ್ಕೇ. ನಿಮ್ಮ ಮಟ್ಟಿಗೆ ವಿಷಯ ಎಷ್ಟು ಮುಗಿದಿತ್ತೆಂದರೆ, ನನ್ನ ಕಾಗದವನ್ನು ಅವನ ಕೈಗೆ ಕೊಡುವಾಗ ನಿಮ್ಮ ಕೈ ಒಂದು ಕ್ಷಣವೂ ತಡೆಯಲಿಲ್ಲ.

ಅವರು ಬಂದ ದಿನ ನಾನು ಅಡಿಗೆ ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಗೋಡೆ ತೆಳು. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. "ಮಾವ, ಹಿಂದಿನ ಸಾಯಂಕಾಲಾನೇ ಬ್ರೇಕ್ ಸಡಿಲ ಇತ್ತು. ನಂಗೆ ಗೊತ್ತಿತ್ತು. ರಿಪೇರಿ ಪುಸ್ತಕದಲ್ಲಿ ಬರೀಲಿಲ್ಲ. ಬೆಳಿಗ್ಗೆ ಕೆಲೆರಾ ಪಾಳಿ, ಅವಳು ಹೇಗೂ ಎಲ್ಲಾ ಬರೀತಾಳಲ್ಲ, ಅವಳೇ ಬರ್ಕೊಳ್ಳಲಿ ಅಂದ್ಕೊಂಡೆ." ಆಮೇಲೆ ಬೊಗಸೆ ಕೈಗಳ ಮೂರು ಚಪ್ಪಾಳೆ. ನೀವು ಹಲ್ಲನ್ನು ತೆಗೆದುಕೊಂಡಿರೆಂದು ನನಗೆ ತಿಳಿದದ್ದು ಹಾಗೆ. ಒಳಗಿದ್ದ ಒಂಬತ್ತು ಗಂಡಸರಲ್ಲಿ ಒಬ್ಬರೂ ನನ್ನನ್ನು ಕರೆಯಲಿಲ್ಲ. ತಪ್ಪು ಹೇಳಿದೆ, ಕರೆದಿರಿ. ಚಹಾ ತರಲು.

ಜೂನ್ ಹದಿನಾಲ್ಕಕ್ಕೆ ಸಾರಿಗೆ ಕಚೇರಿಯಲ್ಲಿ ನನ್ನ ವಿಚಾರಣೆ. ಕಂಪನಿಯ ರಿಪೇರಿ ಪುಸ್ತಕದಲ್ಲಿ ಆ ಬಸ್ಸಿನ ಮುಂದೆ ಏನೂ ಬರೆದಿಲ್ಲ. ಪರೀಕ್ಷಕ ಬರುವ ಹೊತ್ತಿಗೆ ಕಂಪನಿ ಬ್ರೇಕಿಗೆ ಹೊಸ ಪೈಪು ಹಾಕಿಬಿಟ್ಟಿತ್ತು. ಉಳಿದದ್ದು ಹೆಂಗಸಿನ ಡ್ರೈವಿಂಗ್, ಅಷ್ಟೆ. ನಾನು ಗೋಡೆಯ ಆಚೆಯಿಂದ ಕೇಳಿಸಿಕೊಂಡದ್ದು ಯಾರಿಗೂ ಬೇಡ. ಎದುರಿಗೆ ಕೂತು ಕೇಳಿಸಿಕೊಂಡವರು ನೀವು. ಬಂದು ಅಷ್ಟು ಹೇಳಿ.

ಕೆಲೆರಾ

*

ವುನಿಉತೋ
ಏಪ್ರಿಲ್ 12

ಪ್ರೀತಿಯ ಕೆಲೆರಾ,

ಇದನ್ನು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಕಾಗದ ಅವನ ಕೈಯಲ್ಲಿ ಕಳಿಸಿದ್ದನ್ನು ನಿನ್ನ ಅಮ್ಮನಿಗೆ ಹೇಳಿದೆ. ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಎರಡು ದಿನ ಮಾತಾಡಲಿಲ್ಲ.

ಆದರೆ ನೀನು ಕೇಳುತ್ತಿರುವುದು ನನ್ನಿಂದ ಆಗದು. ಸಾಕಿಯುಸಾ ನನ್ನ ತಂಗಿ ವಸೀತಿಯ ಮಗ. ತಂಗಿಯ ಮಗ ನಮ್ಮ ಊರಿಗೆ ಬಂದು ಹಂದಿ ಕೇಳಿದರೆ ಹಂದಿ, ಚಾಪೆ ಕೇಳಿದರೆ ಚಾಪೆ. ಇಲ್ಲ ಅನ್ನುವ ಬಾಯಿ ನಮಗಿಲ್ಲ. ಅವನು ಕೇಳಿದ್ದು ಕ್ಷಮೆ. ಬಾಗಿಲ ಬಳಿ ಕೂತಿದ್ದ, ಹಲ್ಲಿನ ಹುರಿ ಹಿಡಿದು, ತಲೆ ಎತ್ತಿರಲಿಲ್ಲ. ನಾನು ಕೈ ಚಾಚದಿದ್ದರೆ ಊರ ಹಿರಿಯರ ಎದುರಿಗೆ ನನ್ನ ತಂಗಿಯ ಮನೆತನದ ಮಾನ ಚಾಪೆಯ ಮೇಲೆ ಬಿದ್ದಿರುತ್ತಿತ್ತು. ಈಗ ಹೋಗಿ ಕಚೇರಿಯಲ್ಲಿ ಹೇಳಿದರೆ ನಾನು ತೆಗೆದುಕೊಂಡದ್ದು ಸುಳ್ಳಾಗುತ್ತದೆ. ಅಂಥ ಕೆಲಸ ನನ್ನ ಅಪ್ಪ ಮಾಡಲಿಲ್ಲ, ಅಜ್ಜ ಮಾಡಲಿಲ್ಲ.

ಅವನು ಕೆಟ್ಟವನಲ್ಲ. ಪುಸ್ತಕದಲ್ಲಿ ಬರೆದರೆ ಬಸ್ಸು ಗ್ಯಾರೇಜಿಗೆ ಹೋಗುತ್ತದೆ, ಡ್ರೈವರ್ ಪಾಳಿ ಕಳೆದುಕೊಳ್ಳುತ್ತಾನೆ, ಮೇಸ್ತ್ರಿ ಎಲ್ಲರೆದುರು ನಗುತ್ತಾನೆ. ನಾವೆಲ್ಲ ಬರೆಯದೆಯೇ ಓಡಿಸಿದೆವು. ನನ್ನ ಮೂವತ್ತೊಂದು ವರ್ಷದಲ್ಲಿ ಆ ಪುಸ್ತಕದಲ್ಲಿ ಒಂದು ಸಾಲಿಲ್ಲ. ಬ್ರೇಕು ಸಡಿಲವಾದರೆ ಗೇರಿನಲ್ಲಿ ಇಳಿಸುತ್ತಿದ್ದೆ.

ಹಲ್ಲಿಗೆ ಕೈ ಚಾಚುವ ಮೊದಲು ನಿನ್ನನ್ನು ಕೇಳಬೇಕೆಂಬ ಯೋಚನೆ ಬಂದಿತ್ತೇ ಎಂದು ನೀನು ಕೇಳಿಲ್ಲ. ಬರಲಿಲ್ಲ. ಈ ಒಂದು ಪದ ಬರೆಯಲು ಮೂರು ದಿನ ಹಿಡಿಯಿತು.

ನಿನ್ನ ತಂದೆ,
ನೆಮಾನಿ

*

ನಸಿನು
ಮೇ 6

ಅಪ್ಪ,

ಕೆಲಸ ಸಿಕ್ಕಿದೆ. ಒಂದು ಡಿಪೋದಲ್ಲಿ ಬಸ್ಸು ತೊಳೆಯುತ್ತೇನೆ. ದಿನಕ್ಕೆ ಮೂವತ್ತು ಬಸ್ಸು. ಗಾಜಿಲ್ಲದ ಕಿಟಕಿಗಳಿಗೆ ಮಳೆಯಲ್ಲಿ ಇಳಿಸುವ ಟಾರ್ಪಾಲುಗಳ ಮಡಿಕೆಯಲ್ಲಿ ಎಷ್ಟು ಕಡಲೆ ಸಿಪ್ಪೆ ಇರುತ್ತದೆಂದು ಡ್ರೈವರ್ ಆಗಿದ್ದಾಗ ಗೊತ್ತಿರಲಿಲ್ಲ.

ತೊಳೆದ ಬಸ್ಸನ್ನು ನಲ್ಲಿಯ ಹತ್ತಿರದಿಂದ ಗೇಟಿನ ಪಕ್ಕದ ಸಾಲಿಗೆ ತಂದು ನಿಲ್ಲಿಸಬೇಕು. ಇಪ್ಪತ್ತು ಮೀಟರ್. ಗೇಟಿನ ಒಳಗೆ ಲೈಸೆನ್ಸ್ ಬೇಡವೆಂದು ಮೇಸ್ತ್ರಿ ಬಿಟ್ಟಿದ್ದಾನೆ. ಒಂದು ದಿನ ಲೆಕ್ಕ ಹಾಕಿದೆ, ಸಂಜೆಯ ಹೊತ್ತಿಗೆ ಆರುನೂರು ಮೀಟರ್ ಆಗುತ್ತದೆ. ನಮ್ಮ ಚರ್ಚಿನಿಂದ ಸೇತುವೆಯವರೆಗೆ.

ಊರಿನ ಹಿರಿಯರು ಮುಂದಿನ ಸಾಲಿನಲ್ಲಿ ಕೂತಿರುವಾಗ ಅವರಿಗೆ ಬೆನ್ನು ಹಾಕಿ, ಅವರಿಗಿಂತ ಎತ್ತರದ ಸೀಟಿನಲ್ಲಿ ಕೂರಬೇಕಲ್ಲ ಎಂದು ಮೊದಲ ದಿನ ನಾನು ಹೆದರಿದ್ದೆ, ನೆನಪಿದೆಯೇ? ಅದಕ್ಕೇ ಪ್ರತಿ ಸಲ ಬಗ್ಗಿ "ತುಲೌ" ಎಂದು ಕ್ಷಮೆ ಕೇಳಿ ಕೂರುತ್ತಿದ್ದೆ. ಗಂಡಸು ಡ್ರೈವರ್‌ಗಳು ಯಾರೂ ಕೇಳುವುದಿಲ್ಲ. ಆ ಅಭ್ಯಾಸ ಹೋಗಿಲ್ಲ. ಖಾಲಿ ಬಸ್ಸಿನಲ್ಲೂ ಬಾಯಿಗೆ ಬರುತ್ತದೆ. ನನ್ನ ಜೊತೆ ತೊಳೆಯುವ ಲೋಸಾ ನಗುತ್ತಾಳೆ. "ಯಾರಿಗೇ ಕ್ಷಮೆ ಕೇಳ್ತಿದೀಯ? ಸೀಟುಗಳಿಗಾ?"

ಎಲ್ಲರೂ ಬರೆಯದೆ ಓಡಿಸಿದಿರೆಂದು ಹೇಳಿದ್ದೀರಿ. ನಾನು ಅಲ್ಲಿ ಡ್ರೈವರ್ ಕೆಲಸಕ್ಕೆ ಸೇರಿದ ಮೊದಲ ವಾರ ಪುಸ್ತಕದಲ್ಲಿ ಹನ್ನೆರಡು ಸಾಲು ಬರೆದಿದ್ದೆ. ಹಾರ್ನ್, ಗಾಜು ಒರೆಸುವ ಕಡ್ಡಿ, ಬಾಗಿಲಿನ ತಿರುಪು, ಎಲ್ಲ. ಆ ಶನಿವಾರ ನೀವು ಡಿಪೋಗೆ ಬಂದಿರಿ. "ನನ್ನ ಮಗಳು ಬಸ್ ಓಡಿಸ್ತಿದಾಳೋ, ಪರೀಕ್ಷೆ ಬರೀತಿದಾಳೋ?" ಅಂದಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಂದಿನಿಂದ ಅಲ್ಲಿ ನನ್ನ ಹೆಸರು ಪರೀಕ್ಷೆ. "ಪರೀಕ್ಷೆ ಬಂದ್ಲು ನೋಡ್ರೋ." ಸಾಕಿಯುಸಾ ಆ ಸಂಜೆ ಪೆನ್ನು ಮುಟ್ಟದೆ ಹೋದಾಗ ಅವನ ತಲೆಯಲ್ಲಿದ್ದದ್ದು ಯಾರ ಮಾತು?

ಇನ್ನು ಕೇಳುವುದಿಲ್ಲ. ಜೂನ್ 14, ಬೆಳಿಗ್ಗೆ ಹತ್ತು ಗಂಟೆ, ಎರಡನೆಯ ಮಹಡಿ.

ಕೆಲೆರಾ

*

ವುನಿಉತೋ
ಜೂನ್ 1

ಪ್ರೀತಿಯ ಕೆಲೆರಾ,

ನಿನ್ನ ಕಾಗದ ನನ್ನ ಬೈಬಲ್ಲಿನೊಳಗೆ ಇದೆ. ಭಾನುವಾರ ಚರ್ಚಿನಲ್ಲಿ ಪುಟ ತೆರೆದಾಗಲೆಲ್ಲ ಅದೇ ಕೈಗೆ ಬರುತ್ತದೆ. ಬೇರೆ ಕಡೆ ಇಡಬಹುದು. ಇಟ್ಟಿಲ್ಲ.

ನಿನ್ನೆ ಸಿಂಗಟೋಕಾ ಮಾರ್ಕೆಟ್ಟಿಗೆ ಹೋಗಿದ್ದೆ. ಸುಖ್‌ರಾಜಿ ಅಜ್ಜಿ ಮತ್ತೆ ಅಂಗಡಿ ಹಾಕಿದ್ದಾಳೆ. ಪಕ್ಕದಲ್ಲಿ ಊರುಗೋಲು. ನಾನು ಬೇರೆ ಸಾಲಿನಲ್ಲಿ ಹೋಗಬಹುದಿತ್ತು, ಅಷ್ಟರಲ್ಲಿ ಅವಳು ನೋಡಿಬಿಟ್ಟಳು.

"ಬನ್ನಿ ಡ್ರೈವರ್ ಸಾಹೇಬ್ರೇ, ಬೆಂಡೇಕಾಯಿ ಎಳೇದಿದೆ."

"ಕಾಲು ಹೇಗಿದೆ ಅಜ್ಜಿ?"

"ಕಾಲು ನನ್ ಹತ್ರಾನೇ ಇದೆ. ಹಲ್ಲು ನಿಮ್ಮನೇಲಿದೆಯಂತೆ." ತೂಕದ ತಟ್ಟೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು. "ನಂಗೊಂದು ತಿಳಿಯಲ್ಲ. ಮುರಿದದ್ದು ನನ್ ಕಾಲು. ಹೋದದ್ದು ನಿಮ್ ಮಗಳ ಕೆಲ್ಸ. ಹಲ್ಲು ನಿಮಗ್ಯಾಕೆ ಕೊಟ್ರು?"

"ಅದು ನಮ್ಮ ಪದ್ಧತಿ ಅಜ್ಜಿ."

"ಪದ್ಧತಿ ನಮ್ಮಲ್ಲಿಲ್ವಾ? ನನ್ ಮದ್ವೇಲಿ ನನ್ನ ಕೇಳ್ಲಿಲ್ಲ. ಮಗಳ ಮದ್ವೇಲಿ ಅವಳನ್ನ ನಾನೂ ಕೇಳ್ಲಿಲ್ಲ. ಅವಳು ವರ್ಷಕ್ಕೊಂದ್ಸಲ ಬರ್ತಾಳೆ, ಬಂದ್ರೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ. ಅದಕ್ಕೆ ಹೇಳ್ದೆ."

ಆಮೇಲೆ ಆ ಬೆಳಗಿನದನ್ನು ಹೇಳಿದಳು. ಯಾರೂ ಅವಳನ್ನು ಇದುವರೆಗೆ ಕೇಳಿಲ್ಲವಂತೆ. ಕಂಪನಿಯವರು ಬಂದು ಹಣ್ಣಿನ ಬುಟ್ಟಿ ಇಟ್ಟು, ಕಾಲಿನ ಫೋಟೋ ತೆಗೆದುಕೊಂಡು ಹೋದರಂತೆ.

"ನಾನು ಡ್ರೈವರ್ ಹಿಂದಿನ ಸೀಟಲ್ಲೇ ಇದ್ದೆ. ಕಾಲು ಒತ್ತಿದ್ಲು, ಒತ್ತಿದ್ಲು, ಏನೂ ಇಲ್ಲ. ಗೇರು ಇಳಿಸಿದ್ಲು. ಬಲಗಡೆ ನದಿ ಕಾಣ್ತಿದೆ. ಆಗ ಏನಂದ್ಲು ಗೊತ್ತಾ? ತುಲೌ ಅಂದ್ಲು! ಮುಂದಿನ ಸಾಲಲ್ಲಿ ನಿಮ್ಮೂರಿನ ಮುದುಕ್ರು ಇದ್ರಲ್ಲ, ಅವರಿಗೆ. ಕ್ಷಮೆ ಕೇಳಿ, ಆಮೇಲೆ ಗದ್ದೆಗೆ ತಿರುಗಿಸಿದ್ಲು. ನಂಗೆ ನಗು ಬಂದ್ಬಿಡ್ತು. ನಗ್ತಿರೋವಾಗ್ಲೇ ಕಾಲು ಮುರೀತು." ಚೀಲದ ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟಳು. "ಆ ಮುದುಕ್ರು ಇವತ್ತು ಬದುಕಿರೋದು ಅವಳಿಂದ. ಅವರೇ ಅಲ್ವಾ ಆ ದಿನ ನಿಮ್ಮನೇಲಿ ಕೂತು ಚಪ್ಪಾಳೆ ತಟ್ಟಿದ್ದು?"

ಅವರೇ. ಅವರಲ್ಲಿ ಇಬ್ಬರು ಆ ಬಸ್ಸಿನಲ್ಲಿದ್ದರು. ನನಗದು ಹೊಳೆದೇ ಇರಲಿಲ್ಲ, ಕೆಲೆರಾ. ಬೆಂಡೆಕಾಯಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಹತ್ತದೆ ಬಿಟ್ಟೆ.

ಹದಿನಾಲ್ಕಕ್ಕೆ ಬರುತ್ತೇನೆ. ಹಲ್ಲನ್ನೂ ತರುತ್ತೇನೆ. ಅಪ್ಪ ಮಗಳ ಮುಂದೆ ಅದನ್ನು ಇಟ್ಟು ಕೂತದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ನಾನು ಕೂರುತ್ತೇನೆ. ಮೊದಲು ನಿನ್ನ ಕ್ಷಮೆ, ಆಮೇಲೆ ಕಚೇರಿ.

ನಿನ್ನ ತಂದೆ,
ನೆಮಾನಿ

*

ನಸಿನು
ಜೂನ್ 7

ಅಪ್ಪ,

ಹಲ್ಲು ತರಬೇಡಿ.

ನೀವು ಅದನ್ನು ಇಟ್ಟು ತಲೆ ತಗ್ಗಿಸಿದರೆ ನಾನು ತೆಗೆದುಕೊಳ್ಳಲೇಬೇಕಾಗುತ್ತದೆ. ನಿಮ್ಮನ್ನು ಚಾಪೆಯ ಮೇಲೆ ಕಾಯಿಸುವಷ್ಟು ಗಟ್ಟಿ ನಾನಲ್ಲ. ತೆಗೆದುಕೊಂಡೆನೋ, ನನ್ನ ಬಾಯಿಯೂ ಮುಚ್ಚುತ್ತದೆ. ಆಮೇಲೆ ಆ ಎರಡನೆಯ ಮಹಡಿಯಲ್ಲಿ ಮಾತಾಡುವವರು ಯಾರು? ನಿಮಗೆ ಹಗುರಾಗುತ್ತದೆ, ನನಗೆ ಏನಾಗುತ್ತದೆಂದು ಯೋಚಿಸಿ.

ಹಲ್ಲು ಗೋಡೆಯ ಮೇಲೆಯೇ ಇರಲಿ. ನೀವು ಬನ್ನಿ, ಸಾಕು. ಅವನು ಹೇಳಿದ್ದನ್ನು ಅವನು ಹೇಳಿದ ಮಾತಿನಲ್ಲೇ ಹೇಳಿ. ಎರಡು ನಿಮಿಷದ ಕೆಲಸ.

ಒಂಬತ್ತಕ್ಕೆ ಬಸ್‌ಸ್ಟ್ಯಾಂಡಿಗೆ ಬಂದಿರುತ್ತೇನೆ. ಲೋಸಾ ಅವಳ ನೀಲಿ ಅಂಗಿ ಕೊಡುತ್ತಾಳಂತೆ. ಅಲ್ಲಿಂದ ಕಚೇರಿ ನಡೆದುಹೋಗುವಷ್ಟು ದೂರ. ನಿಮ್ಮ ಮೊಣಕಾಲಿಗೆ ಮೆಟ್ಟಿಲು ಕಷ್ಟವಾದರೆ ಲಿಫ್ಟ್ ಇದೆ, ನೋಡಿಕೊಂಡು ಬಂದಿದ್ದೇನೆ.

ಕೆಲೆರಾ

*

ವುನಿಉತೋ
ಜೂನ್ 17

ಕೆಲೆರಾ,

ನೀನು ಸುವಾ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನಾನು ಸುವಾ ಬರುವ ಮೊದಲೇ, ನವುವಾದಲ್ಲಿ ಇಳಿದಿದ್ದೆ. ಇಷ್ಟು ಬರೆದರೆ ಸಾಕು. ಉಳಿದದ್ದು ನೆಪ. ಆದರೂ ಬರೆಯುತ್ತೇನೆ, ನೀನು ಊಹಿಸಿಕೊಳ್ಳುತ್ತಾ ಕೂರುವುದು ಬೇಡ.

ಹೊರಟಿದ್ದೆ. ನಿನ್ನ ಅಮ್ಮ ಬಿಳಿ ಅಂಗಿಗೆ ಇಸ್ತ್ರಿ ಮಾಡಿ ಕೊಟ್ಟಿದ್ದಳು. ಸಿಂಗಟೋಕಾದಲ್ಲಿ ಸುವಾ ಬಸ್ಸು ಹತ್ತಿ ಕೂತೆ. ಹೊರಡುವ ಹೊತ್ತಿಗೆ ವಸೀತಿ ಬಂದು ನನ್ನ ಪಕ್ಕದಲ್ಲಿ ಕೂತಳು. ಯಾರು ಹೇಳಿದರೋ ಗೊತ್ತಿಲ್ಲ. ಎಲ್ಲಿಗೆಂದು ನಾನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ಬಾಳೆಲೆಯಲ್ಲಿ ಸುತ್ತಿದ ಮರಗೆಣಸು ತೆಗೆದು ಅರ್ಧ ಮುರಿದು ನನಗೆ ಕೊಟ್ಟಳು. ಚಿಕ್ಕವಳಿದ್ದಾಗಲೂ ದೊಡ್ಡ ತುಂಡು ನನಗೇ ಕೊಡುತ್ತಿದ್ದಳು. ಎರಡು ಗಂಟೆ ಸಮುದ್ರ ನೋಡುತ್ತಾ ಕೂತಿದ್ದೆವು.

ನವುವಾ ಸೇತುವೆ ಕಾಣಿಸಿದಾಗ ಹೇಳಿದಳು, "ಅಣ್ಣ, ನೀನು ಕೈ ಚಾಚಿ ತಗೊಂಡದ್ದನ್ನ ನಾನು ಬಾಗಿಲ ಹೊರಗಿಂದ ನೋಡ್ದೆ."

"ಹೂಂ."

"ನಾಲ್ಕು ದಿನ ಆದ್ಮೇಲೆ ಆ ರಾತ್ರಿ ನನ್ ಮಗ ನಿದ್ದೆ ಮಾಡ್ದ. ಇವತ್ತು ನೀನು ಅಲ್ಲಿ ಹೇಳಿದ್ರೆ ಅವನು ಜೈಲಿಗೆ. ಮೂರು ಮಕ್ಳು ನನ್ ಮಡಿಲಿಗೆ. ಹೇಳ್ಬೇಡ ಅಂತ ನಾನು ಹೇಳಲ್ಲ. ನಿನ್ ಕೈ ನಿಂದು."

ಅವಳು ಅಳಲಿಲ್ಲ. ಅತ್ತಿದ್ದರೆ ಸುಲಭವಿತ್ತು. ಬಸ್ಸು ನಿಂತಿತು, ನಾನು ಇಳಿದೆ. ಬಸ್ಸು ಅವಳೊಂದಿಗೆ ಮುಂದೆ ಹೋಯಿತು. ಹತ್ತು ಗಂಟೆ ಆಗುವವರೆಗೆ ಅಲ್ಲಿಯ ಮಾರ್ಕೆಟ್ಟಿನ ಬೆಂಚಿನ ಮೇಲೆ ಕೂತಿದ್ದೆ. ಗಡಿಯಾರದ ಎದುರಿಗೇ. ಹತ್ತಾಯಿತು. ಹತ್ತೂಕಾಲಾಯಿತು. ಆಮೇಲೆ ಮನೆ ಕಡೆಯ ಬಸ್ಸು ಬಂತು.

ಮೂವತ್ತೊಂದು ವರ್ಷದಲ್ಲಿ ನಾನು ಯಾವ ಪ್ರಯಾಣಿಕನನ್ನೂ ಹೇಳಿದ ಜಾಗಕ್ಕೆ ಮುಟ್ಟಿಸದೆ ಬಿಟ್ಟವನಲ್ಲ.

ನೆಮಾನಿ

*

ವುನಿಉತೋ
ಆಗಸ್ಟ್ 21

ಪ್ರೀತಿಯ ಕೆಲೆರಾ,

ಎರಡು ತಿಂಗಳಿಂದ ನಿನ್ನ ಕಾಗದವಿಲ್ಲ. ನಾನು ನಿರೀಕ್ಷಿಸಲೂ ಇಲ್ಲ. ತೀರ್ಪು ನಿನ್ನ ಅಮ್ಮನಿಂದ ತಿಳಿಯಿತು: ಎರಡು ವರ್ಷ ಲೈಸೆನ್ಸ್ ಇಲ್ಲ, ಕಾರಣ ಡ್ರೈವರಿನ ಅಜಾಗರೂಕತೆ. ಅವಳು ಅದನ್ನು ಹೇಳಿ ಹಿತ್ತಲಿಗೆ ಹೋದಳು. ನಾನು ಗೋಡೆಯ ಮೇಲಿನ ಹಲ್ಲನ್ನು ನೋಡುತ್ತಾ ಕೂತೆ. ಎಷ್ಟು ಚೆಂದದ ಹಲ್ಲು ಗೊತ್ತೇ. ಹಳೆಯದು, ಕೈ ತಾಗಿ ತಾಗಿ ಜೇನಿನ ಬಣ್ಣಕ್ಕೆ ಬಂದಿದೆ. ಈ ಎರಡು ತಿಂಗಳು ಅದರ ಕೆಳಗೆ ಮಲಗಿದ್ದೇನೆ.

ನೀನು ಮೇ ತಿಂಗಳಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿರಲಿಲ್ಲ. ಆ ಸಂಜೆ ಸಾಕಿಯುಸಾನ ತಲೆಯಲ್ಲಿದ್ದದ್ದು ನನ್ನ ಮಾತು. ಪೆನ್ನು ಮುಟ್ಟದವನೇ ಗಂಡಸು ಎಂದು ಆ ಡಿಪೋಗೆ ಕಲಿಸಿದವನು ನಾನು. ಅವನು ಹಲ್ಲು ತಂದು ನನಗೆ ಕೊಟ್ಟ. ನಾನು ಯಾರಿಗೂ ಏನೂ ಕೊಟ್ಟಿರಲಿಲ್ಲ.

ಹೋದ ಸೋಮವಾರ ಡಿಪೋಗೆ ಹೋದೆ. ಗುಮಾಸ್ತ ಬಿಸೇಸರ್ ಚಹಾ ಕುಡಿಯುತ್ತಿದ್ದ.

"ರಿಪೇರಿ ಪುಸ್ತಕ ಕೊಡಪ್ಪಾ."

"ನೀವಾ?" ಅವನಿಗೆ ನಗು. "ನಿವೃತ್ತಿಯಾಗಿ ಆರು ವರ್ಷ ಆಯ್ತು, ಈಗ ಯಾವ ಬಸ್ಸು ಸಾಹೇಬ್ರೇ?"

"ನಲವತ್ತೇಳು."

"ಅದು ಆಗ್ಲೇ ರಿಪೇರಿ ಆಯ್ತಲ್ಲ."

"ಬಸ್ಸು ಆಯ್ತು."

ನಗು ನಿಲ್ಲಿಸಿ ನನ್ನನ್ನು ನೋಡಿದ. ಪುಸ್ತಕ ಕೊಟ್ಟ, ಪೆನ್ನು ಕೊಟ್ಟ, ಎದ್ದು ಹೊರಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತ. ಫೆಬ್ರವರಿಯ ಪುಟದಲ್ಲಿ ನಲವತ್ತೇಳರ ಮುಂದಿನ ಜಾಗ ಇನ್ನೂ ಖಾಲಿ ಇತ್ತು. ಆದರೆ ಹಳೆಯ ತಾರೀಖಿನಲ್ಲಿ ಬರೆದರೆ ಅದೂ ಒಂದು ಸುಳ್ಳೇ. ಅಂದಿನ ತಾರೀಖಿನ ಕೆಳಗೆ ಬರೆದೆ:

"ಬಸ್ಸು 47. ಫೆಬ್ರವರಿ 11ರ ಸಂಜೆಯೇ ಬ್ರೇಕು ಸಡಿಲವಿತ್ತು. ಓಡಿಸಿದ ಸಾಕಿಯುಸಾನಿಗೆ ತಿಳಿದಿತ್ತು, ಬರೆಯಲಿಲ್ಲ. 16ರಂದು ನನ್ನ ಮನೆಯಲ್ಲಿ ನನಗೆ ಹಾಗೆಂದು ಹೇಳಿದ. ನಾನೂ ಆರು ತಿಂಗಳು ಬರೆಯಲಿಲ್ಲ. 12ರ ಬೆಳಗಿನ ಡ್ರೈವರ್ ಕೆಲೆರಾಳ ತಪ್ಪಿಲ್ಲ. ನೆಮಾನಿ, ನಿವೃತ್ತ ಡ್ರೈವರ್."

ಆ ಪುಸ್ತಕದಲ್ಲಿ ಇದು ನನ್ನ ಮೊದಲ ಬರಹ. 'ತಪ್ಪಿಲ್ಲ' ಎಂಬುದನ್ನು ಎರಡು ಸಲ ತಿದ್ದಿದ್ದೇನೆ.

ಅದನ್ನೇ ಕಾಗದದ ಮೇಲೆ ಎರಡು ಪ್ರತಿ ಬರೆದೆ. ಸುಖ್‌ರಾಜಿ ಅಜ್ಜಿ ತಾನು ಕಂಡದ್ದನ್ನು ನನ್ನಿಂದ ಬರೆಸಿ ಎರಡಕ್ಕೂ ಹೆಬ್ಬೆಟ್ಟು ಒತ್ತಿದ್ದಾಳೆ. ಒಂದನ್ನು ಸಾರಿಗೆ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಹಾಕಿದೆ. ಇನ್ನೊಂದು ಇದರ ಜೊತೆಗಿದೆ. ಕೆಳಗೆ ಸಾಕಿಯುಸಾನ ಸಹಿಗೆ ಜಾಗ ಬಿಟ್ಟಿದ್ದೇನೆ.

ಇದನ್ನು ಎಕ್ಸ್‌ಪ್ರೆಸ್ಸಿನಲ್ಲಿ, ಸಾಕಿಯುಸಾನ ಕೈಯಲ್ಲೇ ಕಳಿಸುತ್ತಿದ್ದೇನೆ. ಈ ಸಲ ಮರೆತು ಅಲ್ಲ. ಇವತ್ತು ಬೆಳಿಗ್ಗೆ ಅವನ ಮುಂದೆ ಆ ಪ್ರತಿ ಹಿಡಿದು "ಓದು" ಎಂದೆ. ಸೀಟಿನಲ್ಲೇ ಕೂತು ಓದಿದ.

"ಇದೇನು ಮಾವ? ಮುಗಿದ ವಿಷಯ ಅಲ್ವಾ?"

"ನನ್ನ ನಿನ್ನ ನಡುವೆ ಮುಗಿದಿದೆ. ನಿನ್ನ ಮೇಲೆ ಸಿಟ್ಟಿಲ್ಲ. ಅವಳದು ಇನ್ನೂ ಶುರುವೇ ಆಗಿಲ್ಲವಲ್ಲೋ."

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಅವನು ಎಂಜಿನ್ ಶುರು ಮಾಡದೆ ಕಾಯುತ್ತಿದ್ದಾನೆ. ಲಕೋಟೆ ಅಂಟಿಸುವುದಿಲ್ಲ. ಇದು ನಿನಗೆ ತಲುಪಿದರೆ ಅವನು ಅಷ್ಟಾದರೂ ಮಾಡಿದನೆಂದು ತಿಳಿ.

ಊರಿಗೆ ಸುದ್ದಿ ತಲುಪಿದೆ. ಶುಕ್ರವಾರ ಎಲ್ಲರೂ ಯಂಗೋನಾ ಬೇರಿನ ಪಾನೀಯ ಕುಡಿಯಲು ಕೂತಾಗ ಬಟ್ಟಲು ನನ್ನ ಎಡಗಡೆಯವನಿಗೆ ಬಂತು, ಆಮೇಲೆ ಬಲಗಡೆಯವನಿಗೆ ಹೋಯಿತು. ವಸೀತಿ ನಮ್ಮ ಅಂಗಳ ತುಳಿಯುವುದಿಲ್ಲ. ಹಲ್ಲನ್ನು ಹಿಂದಕ್ಕೆ ಕೊಡಲು ಹೋದೆ, ಯಾರೂ ಮುಟ್ಟಲಿಲ್ಲ. ಅದು ಈಗ ಯಾರದೂ ಅಲ್ಲ.

ತಡವಾಯಿತೆಂದು ಗೊತ್ತು.

ನಿನ್ನ ತಂದೆ,
ನೆಮಾನಿ

*

ನಸಿನು
ಸೆಪ್ಟೆಂಬರ್ 4

ಅಪ್ಪ,

ಕಾಗದ ತಲುಪಿತು.

ಅವನು ಬಸ್‌ಸ್ಟ್ಯಾಂಡಿಗೆ ನನ್ನನ್ನು ಕರೆಯಲಿಲ್ಲ. ಬಸ್ಸು ನಿಲ್ಲಿಸಿ, ಟ್ಯಾಕ್ಸಿ ಹಿಡಿದು ಡಿಪೋಗೆ ಬಂದ. ನಾನು ಬೂಟು ಹಾಕಿಕೊಂಡು ನೀರಿನಲ್ಲಿ ನಿಂತಿದ್ದೆ. ನನ್ನ ಕೈ ಒದ್ದೆಯಿತ್ತು, ಒರೆಸಿಕೊಳ್ಳುವವರೆಗೆ ಲಕೋಟೆ ಹಿಡಿದು ನಿಂತ.

"ಸಹಿ ಮಾಡಿಲ್ಲ," ಎಂದ.

"ಕಾಣ್ತಿದೆ."

"ಮಕ್ಳಿದಾರೆ, ಕೆಲೆರಾ."

"ಗೊತ್ತು."

"ಮೂರು ಸೇತುವೆ ದಾಟಿ ಬಂದೆ. ಮೂರರಲ್ಲೂ ಇದನ್ನ ನದಿಗೆ ಹಾಕ್ಬಿಡೋಣ ಅನ್ನಿಸ್ತು."

ಅವನು ನಾನು ತೊಳೆದ ಬಸ್ಸುಗಳ ಸಾಲನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತು ಹೋದ. ಕೆಣಕುವ ಮಾತು ಒಂದೂ ಆಡಲಿಲ್ಲ. ಇನ್ನು ಮುಂದೆ ಆಡುವುದಿಲ್ಲವೆನ್ನಿಸುತ್ತದೆ.

ಕಚೇರಿಗೆ ಹೋಗಿದ್ದೆ. ನೀವು ಕಳಿಸಿದ್ದು ಫೈಲಿಗೆ ಸೇರಿದೆ. ತೀರ್ಪಾದದ್ದನ್ನು ಮತ್ತೆ ತೆರೆಯಲು ಮೇಲಿನವರು ಒಪ್ಪಬೇಕಂತೆ. ಮುಂದಿನ ವರ್ಷವಾಗಬಹುದು, ಆಗದೆಯೂ ಇರಬಹುದು. "ಜೂನ್ ಹದಿನಾಲ್ಕಕ್ಕೆ ಇದು ಇದ್ದಿದ್ರೆ ಹತ್ತು ನಿಮಿಷದ ಕೆಲ್ಸ," ಎಂದಳು ಅಲ್ಲಿಯ ಗುಮಾಸ್ತೆ. ಅದನ್ನು ನಿಮಗೆ ಬರೆಯಬಾರದೆಂದುಕೊಂಡಿದ್ದೆ. ಬರೆದಿದ್ದೇನೆ.

ಕ್ರಿಸ್ಮಸ್‌ಗೆ ಬರುವುದಿಲ್ಲ. ಅಮ್ಮನಿಗೆ ನಾನೇ ಹೇಳುತ್ತೇನೆ. ಯಂಗೋನಾದ ಬಟ್ಟಲು ನಿಮ್ಮನ್ನು ದಾಟಿ ಹೋದದ್ದನ್ನು ಓದಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ.

ಪುಸ್ತಕದಲ್ಲಿ ನೀವು ಬರೆದದ್ದನ್ನು ಹಲವು ಸಲ ಓದಿದೆ. ಒಂದು ಕೊರತೆಯಿದೆ. ಬ್ರೇಕು ಸಡಿಲ ಎಂದಷ್ಟೇ ಬರೆದಿದ್ದೀರಿ. ಹಾಗೆ ಬರೆದರೆ ಮೆಕ್ಯಾನಿಕ್‌ಗೆ ಏನೂ ತಿಳಿಯುವುದಿಲ್ಲ. ಯಾವ ಚಕ್ರ ಎಂದು ಬರೆಯಬೇಕು. ಹಿಂದಿನ ಎಡಗಡೆಯದು. ಮೊದಲ ಸಲ ಕಾಲು ಒತ್ತಿದಾಗ ಬಸ್ಸು ಬಲಕ್ಕೆ, ನದಿಯ ಕಡೆಗೆ ಎಳೆಯಿತು, ಅದರಿಂದ ಗೊತ್ತಾಯಿತು. ಆಮೇಲೆ ಯಾವುದೂ ಹಿಡಿಯಲಿಲ್ಲ. ವಿಚಾರಣೆಯಲ್ಲಿ ಇದನ್ನು ನನ್ನನ್ನು ಯಾರೂ ಕೇಳಲಿಲ್ಲ.

ಮತ್ತೆ ಡಿಪೋ ಕಡೆ ಹೋದಾಗ ಅದನ್ನೂ ಸೇರಿಸಿ, ಅಪ್ಪ. ಜಾಗವಿಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ.

ನಿಮ್ಮ ಮಗಳು,
ಕೆಲೆರಾ